ನನ್ನ ಬಿ.ಇ. ಮತ್ತು ಊರವರ ಮಿಕ್ಸಿ

ಕೆಲವು ಪದವಿಗಳ ತಂಟೆಗೆ ಯಾರೂ ಹೋಗುವುದಿಲ್ಲ. ಬಿ.ಎ. ಮಾಡಿದವರನ್ನು "ಅದರಿಂದ ಏನು ಬಂತು" ಎಂದು ಕೇಳುವುದು ಸಭ್ಯತೆಯಲ್ಲವೆಂದು ಎಲ್ಲರಿಗೂ ಗೊತ್ತಿದೆ. ವೈದ್ಯರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ, ಅವರ ಮನೆಯ ಮಹಡಿಯೇ ಉತ್ತರ ಹೇಳುತ್ತದೆ. ಸಂಗೀತ ಕಲಿತವರು ಒಂದು ದೇವರನಾಮ ಹಾಡಿ ಪಾರಾಗುತ್ತಾರೆ. ಆದರೆ ಪೇಮೆಂಟ್ ಸೀಟಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ, ಯಲ್ಲಾಪುರದಲ್ಲಿ ದನದ ಡಾಕ್ಟರ ಹೆಂಡತಿಯಾಗಿ ಸಂಸಾರ ಮಾಡುತ್ತಿರುವವಳನ್ನು ಮಾತ್ರ ಯಾರು ಬೇಕಾದರೂ, ಎಲ್ಲಿ ಬೇಕಾದರೂ ಕೇಳಬಹುದು. ಊಟದ ಪಂಕ್ತಿಯಲ್ಲಿ ನಾನು ಬಗ್ಗಿ ಪಾಯಸ ಬಡಿಸುತ್ತಿರುವಾಗ, ಬಾಳೆಲೆಯ ಮುಂದೆ ಕುಳಿತವರು ತಲೆ ಎತ್ತಿ, "ಅಷ್ಟೆಲ್ಲ ಖರ್ಚು ಮಾಡಿ ಓದಿದ್ದು ದಂಡ ಆತು, ಅಲ್ದ?" ಎಂದು ಕೇಳಿದ್ದಾರೆ. ಕೇಳಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪಾಯಸ ಎರಡನೇ ಸಲ ಹಾಕಿಸಿಕೊಂಡರು ಎಂಬುದಷ್ಟೇ ನೆನಪು.

ಖರ್ಚಿನ ವಿಷಯ ಎಲ್ಲರಿಗೂ ಗೊತ್ತಾಗಲು ಕಾರಣ, ನನ್ನ ಅಪ್ಪ ಅದನ್ನು ಕದ್ದುಮುಚ್ಚಿ ಮಾಡದಿದ್ದುದು. ಅಪ್ಪ ಶಿರಸಿಯಲ್ಲಿ ಹೈಸ್ಕೂಲು ಮೇಷ್ಟರು. ಮುಂದೆ ಮನೆ ಕಟ್ಟಿಸುವುದೆಂದು ಯಲ್ಲಾಪುರ ರಸ್ತೆಯ ಪಕ್ಕದಲ್ಲಿ ಒಂದು ಸೈಟು ತೆಗೆದಿಟ್ಟಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ಕಂಪ್ಯೂಟರ್ ಓದಿದವರಿಗೆ ವಿಮಾನದ ಟಿಕೇಟು ಮನೆಗೇ ಬರುತ್ತದೆಂದು ಊರೆಲ್ಲ ನಂಬಿದ್ದ ಕಾಲದಲ್ಲಿ, ಅದನ್ನು ಮಾರಿ ನನ್ನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದರು. ಕೊಂಡವರು ಅಲ್ಲಿ ಮೂರಂತಸ್ತಿನ ಕಟ್ಟಡ ಎಬ್ಬಿಸಿದರು. ಕೆಳಗೆ ಬೇಕರಿ, ಮೇಲೆ ಲಾಡ್ಜು. ನಾವು ಯಾವ ಮದುವೆಗೆ ಹೊರಟರೂ ಬಸ್ಸು ಅದರ ಮುಂದೆಯೇ ಹೋಗಬೇಕು. ಆಗ ನನ್ನ ದೊಡ್ಡಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, "ಬೇಕರಿ ನೋಡು, ಅದು ನಿನ್ನ ಫಸ್ಟ್ ಇಯರು. ಲಾಡ್ಜು ನೋಡು, ಅದು ಉಳಿದಿದ್ದು," ಎಂದು ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ತೋರಿಸುತ್ತಾರೆ. ಅಪ್ಪ ಮಾತ್ರ ಒಂದು ದಿನವೂ ತುಟಿ ಬಿಚ್ಚಿದವರಲ್ಲ. ಅವರು ಆ ಬೇಕರಿಯ ಖಾಯಂ ಗಿರಾಕಿ, ಅಲ್ಲಿಯ ಖಾರಾಬೂಂದಿ ಚೆನ್ನಾಗಿರುತ್ತದೆ ಎನ್ನುತ್ತಾರೆ.

ಇಷ್ಟು ಕೊಟ್ಟು ನಾನು ಕಲಿತದ್ದೇನೆಂದರೆ, ಮೊದಲ ವರ್ಷ, ಚಪ್ಪಲಿ ಬಿಚ್ಚುವುದು. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ಗರ್ಭಗುಡಿಯಷ್ಟೇ ಮಡಿಯಲ್ಲಿತ್ತು. ಹೊರಗೆ ಚಪ್ಪಲಿ ಬಿಟ್ಟು, ಕೈ ಒರೆಸಿಕೊಂಡು, ಎ.ಸಿ.ಯ ಚಳಿಗೆ ನಡುಗುತ್ತ ಒಳಗೆ ಹೋಗಬೇಕು. ಪ್ರತಿ ಕಂಪ್ಯೂಟರಿಗೂ ನೆರಿಗೆ ಹಿಡಿದು ಹೊಲಿದ ಲಂಗದಂಥ ಹೊದಿಕೆ. ಆಯುಧ ಪೂಜೆಯ ದಿನ ಮಾನಿಟರಿನ ಗಾಜಿಗೇ ಕುಂಕುಮ ಹಚ್ಚಿ, ಅದು ವರ್ಷವಿಡೀ ಹೋಗದೆ, ನಮ್ಮ ಪ್ರೋಗ್ರಾಮುಗಳ ನಡುವೆ ಒಂದು ಕೆಂಪು ಚುಕ್ಕೆ ಕಾಣುತ್ತಿತ್ತು. ಒಂದು ಯಂತ್ರಕ್ಕೆ ಮೂವರು ವಿದ್ಯಾರ್ಥಿಗಳು. ಒಬ್ಬ ಟೈಪು ಮಾಡುವವನು, ಒಬ್ಬ ತಪ್ಪು ಹೇಳುವವನು, ಮೂರನೆಯವಳು ನಾನು, ಕರೆಂಟು ಹೋದರೆ ಹೋಯಿತು ಎಂದು ಹೇಳುವವಳು. ಪರೀಕ್ಷೆಯಲ್ಲಿ ಪ್ರೋಗ್ರಾಮನ್ನು ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಬರೆಯಬೇಕು. ಅದು ಓಡುತ್ತದೋ ಇಲ್ಲವೋ ಎಂಬುದನ್ನು ಕಾಗದ ಹೇಳುವುದಿಲ್ಲವಾದ್ದರಿಂದ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ನಾನು ಪಾಸಾಗುವುದಕ್ಕೂ ದೇಶವಿದೇಶದ ಕಂಪನಿಗಳು ಬಾಗಿಲು ಹಾಕಿಕೊಳ್ಳುವುದಕ್ಕೂ ಸರಿಹೋಯಿತು. ನಮ್ಮ ಕಾಲೇಜಿಗೆ ಒಂದೇ ಒಂದು ಕಂಪನಿ ಬಂತು. ಪರೀಕ್ಷೆ ಮಾಡಿತು, ಎಲ್ಲರಿಗೂ ತನ್ನ ಹೆಸರು ಬರೆದ ಒಂದೊಂದು ಪೆನ್ನು ಕೊಟ್ಟಿತು, ಕೆಲವರಿಗೆ ಕೆಲಸದ ಆರ್ಡರನ್ನೂ ಕೊಟ್ಟಿತು. ಆ ಕೆಲವರಲ್ಲಿ ನಾನೂ ಒಬ್ಬಳು. ಅಮ್ಮ ಕೇರಿಯಲ್ಲೆಲ್ಲ ಲಾಡು ಹಂಚಿದಳು. ಸೇರಬೇಕಾದ ತಾರೀಖು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು, ಆಮೇಲೆ ಕಂಪನಿಯೇ ಹೋಯಿತು. ಲಾಡು ತಿಂದವರು ಸಿಕ್ಕಾಗಲೆಲ್ಲ "ಯಾವಾಗ ಹೊರಡೋದು?" ಎಂದು ಕೇಳುವುದನ್ನು ತಡೆಯಲಾರದೆ ಮನೆಯವರು ನನಗೆ ಗಂಡು ನೋಡಿದರು. ಗಂಡು ಸಿದ್ದಾಪುರದ ಕಡೆಯವರು, ಸರ್ಕಾರಿ ಪಶುವೈದ್ಯರು, ಮಾತು ಕಡಿಮೆ. ನನ್ನ ಡಿಗ್ರಿಯನ್ನು ನೋಡಿ ಒಪ್ಪಿದರೋ, ಡಿಗ್ರಿ ಇದ್ದರೂ ಒಪ್ಪಿದರೋ ಎಂದು ಇನ್ನೂ ಬಾಯಿ ಬಿಟ್ಟಿಲ್ಲ.

ಮೊದಲು ನಾವಿದ್ದದ್ದು ದಾಸನಕೊಪ್ಪದಲ್ಲಿ. ಮನೆಯ ಯಜಮಾನರದು ಕಿರಾಣಿ ಅಂಗಡಿ. ಡಾಕ್ಟರ ಹೆಂಡತಿ ಕಂಪ್ಯೂಟರ್ ಓದಿದವಳೆಂದು ಗೊತ್ತಾದ ದಿನವೇ ತಮ್ಮ ಟೀವಿಯನ್ನು ಹೊತ್ತು ತಂದು ನಮ್ಮ ಜಗಲಿಯಲ್ಲಿಟ್ಟು, "ಅಕ್ಕಾರ, ಇದರಾಗ ಗೊಂಬಿ ಕಾಣವಲ್ಲದು. ಒಂದೀಟು ನೋಡ್ರಿ," ಎಂದರು. ನಾನು ಓದಿದ್ದು ಟೀವಿ ಅಲ್ಲ, ಕಂಪ್ಯೂಟರು ಎಂದು ವಿನಯದಿಂದ ವಿವರಿಸಿದೆ. ಅವರು ಟೀವಿಯನ್ನೂ ನನ್ನನ್ನೂ ನೋಡಿ, "ಅದಕ್ಕೂ ಗಾಜು, ಇದಕ್ಕೂ ಗಾಜು. ಮುಂದ ಓದಿದೋರಿಗೆ ಹಿಂದಿಂದು ಬರೂದಿಲ್ಲೇನ್ರಿ?" ಎಂದರು. ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಮರುಕವಿತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಸಿಟ್ಟಿನಲ್ಲಿ ಟೀವಿಯ ತಲೆಯ ಮೇಲೊಂದು ಹೊಡೆದೆ. ಗೊಂಬೆ ಕಂಡಿತು. ನಾನು ಮಾಡಿದ ದೊಡ್ಡ ತಪ್ಪು ಅದೇ ಎಂದು ಆಮೇಲೆ ತಿಳಿಯಿತು.

ಯಲ್ಲಾಪುರಕ್ಕೆ ವರ್ಗವಾಗಿ ಬರುವಷ್ಟರಲ್ಲಿ ನನ್ನ ಕೀರ್ತಿ ನಮಗಿಂತ ಮೊದಲೇ ಬಂದು ಮನೆ ಹಿಡಿದಿತ್ತು. ನಮ್ಮವರ ಹತ್ತಿರ ಜನ ದನದ ತೊಂದರೆ ಹೇಳಿಕೊಂಡು ಬರುತ್ತಾರೆ, ಔಷಧ ಬರೆಸಿಕೊಂಡು ಹೋಗುತ್ತಾರೆ. ಅವರನ್ನು ಯಾರೂ ಬೆಕ್ಕಿನ ತಲೆನೋವಿಗೆ ಕನ್ನಡಕ ಕೊಡಿ ಎಂದು ಕೇಳುವುದಿಲ್ಲ. ನನ್ನ ಹತ್ತಿರ ಮಾತ್ರ ವೈರು ಇರುವ ವಸ್ತುವೆಲ್ಲ ಬರುತ್ತದೆ. ಇಡಗುಂದಿಯಿಂದ ಎಮ್ಮೆಗೆ ಜ್ವರವೆಂದು ಬಂದವರು ಚೀಲದಿಂದ ಮಿಕ್ಸಿ ಹೊರಗೆ ತೆಗೆದು, "ಹೆಂಗೂ ಬರ್ತಾ ಇದ್ವಿ, ಅಮ್ಮ ನೋಡ್ತಾರೆ ಅಂತ ತಂದ್ವಿ," ಎನ್ನುತ್ತಾರೆ. ಸ್ಟೆಬಿಲೈಸರೂ ಬಂತು, ಇಸ್ತ್ರಿಪೆಟ್ಟಿಗೆಯೂ ಬಂತು. ಮೊಬೈಲುಗಳು ಬಂದ ಮೇಲಂತೂ ಅವುಗಳ ಗಂಟೆಯ ಸದ್ದು ಬದಲಿಸಿಕೊಡುವುದೂ ನನ್ನ ಕೆಲಸವಾಯಿತು. ನಮ್ಮ ಮನೆಯಲ್ಲೊಂದು ನಿಜವಾದ ಕಂಪ್ಯೂಟರ್ ಇತ್ತು. ಕರೆಂಟು ಇದ್ದಾಗ ನನಗೆ ಪುರುಸೊತ್ತಿರುತ್ತಿರಲಿಲ್ಲ, ಪುರುಸೊತ್ತಿದ್ದಾಗ ಕರೆಂಟಿರುತ್ತಿರಲಿಲ್ಲ. ಎರಡೂ ಇದ್ದ ಒಂದು ದಿನ ತೆರೆದು ನೋಡಿದರೆ ಒಳಗೆ ಇರುವೆಗಳು ಮೊಟ್ಟೆಯಿಟ್ಟಿದ್ದವು. "ಇದಕ್ಕೆ ನಿಮ್ಮಲ್ಲಿ ಔಷಧವಿದೆಯೇ?" ಎಂದು ನಮ್ಮವರನ್ನು ಕೇಳಿದೆ. ಕೀಟ ತಮ್ಮ ವಿಭಾಗವಲ್ಲ ಎಂದರು. ತಮ್ಮ ವಿಭಾಗ ಯಾವುದು, ಯಾವುದಲ್ಲ ಎಂದು ಹೇಳುವ ಈ ಸೌಭಾಗ್ಯ ನನಗೆ ಎಂದೂ ದಕ್ಕಲಿಲ್ಲ.

ಇಂಥ ನನ್ನ ಡಿಗ್ರಿಯ ಮೇಲೆ ಇನ್ನೊಬ್ಬಳ ಭವಿಷ್ಯ ನಿಂತಿತು ಎಂದರೆ ನೀವು ನಂಬಬೇಕು. ಅವಳು ಸಂಧ್ಯಾ, ನಮ್ಮವರ ಅಕ್ಕನ ಮಗಳು. ಪಿ.ಯು.ಸಿ. ಮುಗಿಸಿದ್ದಳು. ಅವಳ ಅಪ್ಪ, ಅಂದರೆ ನಮ್ಮ ಭಾವನವರು, ಸಿದ್ದಾಪುರದಲ್ಲಿ ಪಂಪುಸೆಟ್ಟು, ಪೈಪುಗಳ ಅಂಗಡಿ ಇಟ್ಟವರು. ಮಗಳಿಗೆ ಕಂಪ್ಯೂಟರ್ ಸೈನ್ಸನ್ನೇ ಓದಿಸಬೇಕೆಂದು ಅವರ ಹಟ. ಅದಕ್ಕಾಗಿ ಅಂಗಡಿಯ ಪಕ್ಕದ ಗೋದಾಮನ್ನು ಮಾರಲು ಗಿರಾಕಿಯನ್ನೂ ಗೊತ್ತುಮಾಡಿಬಿಟ್ಟಿದ್ದರು. ಹುಡುಗಿಗೆ ಮಾತ್ರ ಮಾವನ ಹಾಗೆ ದನದ ಡಾಕ್ಟರಾಗಬೇಕು. ರಜೆಯಲ್ಲಿ ನಮ್ಮಲ್ಲಿಗೆ ಬಂದಾಗಲೆಲ್ಲ ಅವರ ಬೈಕಿನ ಹಿಂದೆ ಹತ್ತಿ ಕೊಟ್ಟಿಗೆ ಕೊಟ್ಟಿಗೆ ತಿರುಗುವಳು. ಅವಳಿಗೆ ಬಂದ ನಂಬರಿಗೆ ಸರ್ಕಾರಿ ಕಾಲೇಜಿನಲ್ಲಿ ಆ ಸೀಟು ಸಿಗುತ್ತಿತ್ತು, ಗೋದಾಮೂ ಉಳಿಯುತ್ತಿತ್ತು. ಆದರೆ ಭಾವನವರಿಗೆ ಹೆಣ್ಣು ಹುಡುಗಿ ಮೊಣಕೈತನಕ ಎಮ್ಮೆಯೊಳಗೆ ಕೈ ಹಾಕುವ ಚಿತ್ರವೇ ಕಣ್ಣ ಮುಂದೆ. "ಕಂಪ್ಯೂಟರ್ ಆದ್ರೆ ಕೈ ಕೊಳೆ ಆಗ್ತಿಲ್ಲೆ," ಎನ್ನುತ್ತಿದ್ದರು. ಮಿಕ್ಸಿಯ ಹೊಟ್ಟೆಯಿಂದ ಹಳೆಯ ಚಟ್ನಿ ಕೆರೆಯುತ್ತಿದ್ದ ನನ್ನ ಕೈಯನ್ನು ಅವರು ನೋಡಿರಲಿಲ್ಲ.

ಕೌನ್ಸೆಲಿಂಗಿಗೆ ಒಂದು ವಾರವಿದೆ ಎನ್ನುವಾಗ ಸಂಧ್ಯಾಳ ಫೋನು ಬಂತು. "ಅತ್ತೆ, ಅಪ್ಪ ಭಾನುವಾರ ನಿಮ್ಮಲ್ಲಿಗೆ ಬತ್ತ, ಆನೂ ಬತ್ತೆ. ನೀ ಎಂತ ಹೇಳಿದ್ರೆ ಅದು ಹೇಳಿ ತೀರ್ಮಾನ ಮಾಡಿದ್ದ. ನೀ ಯಾವಾಗ್ಲೂ ಹೇಳ್ತ್ಯಲೆ, ಅದನ್ನೇ ಅಪ್ಪನ ಎದುರಿಗೆ ಒಂದ್ಸಲ ಹೇಳು. ಯಂಗೆ ಅಷ್ಟೇ ಸಾಕು," ಎಂದಳು. ನನಗೆ ರೋಮಾಂಚನವಾಯಿತು. ಇಷ್ಟು ವರ್ಷ ಪುಕ್ಕಟೆ ಗೊಣಗಿದ್ದಕ್ಕೆ ಕೊನೆಗೊಂದು ಸಾರ್ಥಕತೆ ಸಿಕ್ಕಿತ್ತು. ಉತ್ಸಾಹದಲ್ಲಿ ಫೋನಿನಲ್ಲೇ ಒಂದು ಸಲ ಅಭ್ಯಾಸ ಮಾಡಿದೆ. ಆ ದುಡ್ಡಿಗೆ ನಾಲ್ಕು ಎಮ್ಮೆ ಕಟ್ಟಿದ್ದರೆ ಇಷ್ಟೊತ್ತಿಗೆ ಡೇರಿಯಾಗುತ್ತಿತ್ತು ಎಂದೆ. ಡಿಗ್ರಿಗಿಂತ ಡಿಗ್ರಿಗೆ ಹಾಕಿಸಿದ ಫ್ರೇಮು ಹೆಚ್ಚು ಉಪಯೋಗಕ್ಕೆ ಬಿದ್ದಿದೆ, ಅದರ ಹಿಂದೆ ಕರೆಂಟು ಬಿಲ್ಲು ಸಿಕ್ಕಿಸುತ್ತೇನೆ ಎಂದೆ. ಆ ನಾಲ್ಕು ವರ್ಷ ನಿದ್ದೆ ಮಾಡಿದ್ದರೆ ಆರೋಗ್ಯವಾದರೂ ಉಳಿಯುತ್ತಿತ್ತು ಎಂದೆ. ಹುಡುಗಿ ನಕ್ಕು ನಕ್ಕು ಫೋನಿಟ್ಟಳು.

ಇಲ್ಲಿ ನಮ್ಮ ಕಡೆಯ ಒಂದು ರಿವಾಜು ಹೇಳಬೇಕು. ನಮ್ಮಲ್ಲಿ ಯಾವ ಕೆಲಸಕ್ಕೆ ಬಂದಿದ್ದಾರೋ ಆ ಕೆಲಸದ ಸುದ್ದಿಯನ್ನು ಒಳಗೆ ಕುಳಿತು ಯಾರೂ ಎತ್ತುವುದಿಲ್ಲ. ಬಂದ ಕೂಡಲೇ ಆಸರಿಗೆ, ಅಂದರೆ ಕುಡಿಯಲು ಏನಾದರೂ, ಆಮೇಲೆ ಅಡಿಕೆ ದರ, ಊರಿನ ಯಾರ್‍ಯಾರಿಗೆ ಶುಗರು, ಊಟ, ಎಲೆಯಡಿಕೆಯ ಕವಳ, ಸಣ್ಣದೊಂದು ನಿದ್ದೆ, ಎದ್ದು ಚಹಾ. ಹೊರಟು, ಚಪ್ಪಲಿ ಮೆಟ್ಟಿ, ಗೇಟಿನ ಅಗುಳಿಯ ಮೇಲೆ ಕೈಯಿಟ್ಟ ಮೇಲೆಯೇ, "ಮತ್ತೆಂತ ಇಲ್ಲೆ, ಹೀಂಗೇ ಕೇಳ್ದಿ," ಎಂದು ಬಂದ ವಿಷಯ ಹೊರಡಬೇಕು. ಒಳಗೇ ಕೇಳಿಬಿಟ್ಟರೆ ಕೆಲಸಕ್ಕಾಗಿಯೇ ಬಂದಂತಾಗುತ್ತದೆ, ಅದು ಮರ್ಯಾದೆಯಲ್ಲ. ಮದುವೆ, ಪಾಲು, ಆಪರೇಶನ್ನು ಎಲ್ಲವೂ ನಮ್ಮಲ್ಲಿ ಗೇಟಿನ ಬಳಿ ನಿಂತೇ ತೀರ್ಮಾನವಾದವು. ಹಾಗಾಗಿ ನನ್ನ ಭಾಷಣವನ್ನು ಬೆಳಗಿನಿಂದ ಸಂಜೆಯ ತನಕ ಹೊಟ್ಟೆಯಲ್ಲಿಟ್ಟುಕೊಂಡೇ ಇರಬೇಕಾಗಿತ್ತು.

ಭಾನುವಾರ ಅಪ್ಪ ಮಗಳು ಬೆಳಗಿನ ಬಸ್ಸಿಗೇ ಇಳಿದರು. "ಬನ್ನಿ ಭಾವ," ಎಂದೆ. "ಹ್ಞಾ ತಂಗಿ, ಬೇಣದ ಹಲಸಿನಲ್ಲಿ ಕಡಿಗೆ ಬಿಟ್ಟಿತ್ತು, ಹಂಗೇ ತಗಂಡು ಬಂದ್ಯ," ಎಂದು ಹಲಸಿನ ಎಳೆಗಾಯಿಯ ಚೀಲ ಕೊಟ್ಟರು. ಆಸರಿಗೆ ಆಯಿತು. ಅಡಿಕೆ ದರದ ಮಾತು ಅರ್ಧ ಆಗುವಷ್ಟರಲ್ಲಿ ಮೊದಲ ಗಿರಾಕಿ ಬಂತು, ಇಸ್ತ್ರಿಪೆಟ್ಟಿಗೆ. ಅದರ ಹಿಂದೆ ಮೊಬೈಲು. ಭಾವನವರು ಕವಳದ ಬಟ್ಟಲಿನಿಂದ ಕಣ್ಣೆತ್ತಿ ಒಂದೊಂದನ್ನೂ ಗಮನಿಸುತ್ತಿದ್ದರು. ತಮ್ಮ ಅಂಗಡಿಗೆ ರಿಪೇರಿಗೆ ಬಂದ ಪಂಪನ್ನು ಅವರು ನೋಡುವುದು ಹಾಗೆಯೇ. ಸಂಧ್ಯಾ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ಕೆಲಸ ತಾನಾಗಿಯೇ ಆಗುತ್ತಿದೆ, ಭಾಷಣದ ಅಗತ್ಯವೇ ಬೀಳಲಿಕ್ಕಿಲ್ಲ ಎಂದು ನನಗೂ ಅನ್ನಿಸಿತು.

ಊಟದ ಹೊತ್ತಿಗೆ ಸರಿಯಾಗಿ ಮಾಗೋಡಿನ ಕಡೆಯ ಹಿರಿಯರೊಬ್ಬರು ಬಂದರು. ಕೈಯಲ್ಲೊಂದು ಕಾಗದ. ಮಗನಿಗೊಂದು ಸಂಬಂಧ ಬಂದಿದೆ, ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಜಾತಕ ಹಾಕಿಸಿದರೆ ಕೂಡಿಬರುವುದಿಲ್ಲ ಎಂದು ಬರೆದು ಕೊಟ್ಟಿದೆ. "ತಂಗಿ, ಭಟ್ಟರಾಗಿದ್ರೆ ಕೂತು ಮಾತಾಡಿ ಸರಿ ಮಾಡ್ಲಾಗಿತ್ತು. ಇದು ಕಂಪ್ಯೂಟರ್ರು, ಯಂಗಳ ಮಾತು ಕೇಳ್ತಿಲ್ಲೆ. ನೀ ಓದಿದ್ದೆ, ನಿನ್ನ ಮಾತು ಕೇಳ್ತು. ಒಂಚೂರು ಹೇಳಿ ಕೂಡಿಸಿ ಕೊಡು," ಎಂದರು. ಕಂಪ್ಯೂಟರಿಗೆ ಹಾಗೆಲ್ಲ ಶಿಫಾರಸು ನಡೆಯುವುದಿಲ್ಲ, ಅದು ಕೊಟ್ಟ ಅಂಕಿಗೆ ತಕ್ಕ ಉತ್ತರ ಕೊಡುತ್ತದೆ ಎಂದು ನಾನು ಕಾಲುಗಂಟೆ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ಹಂಗಾರೆ ನಿಂಗೆ ಬತ್ತಿಲ್ಲೆ," ಎಂದು ಕಾಗದ ಮಡಚಿದರು. ಆಗ ಭಾವನವರು ಕವಳ ಉಗಿದು ಬಂದು, "ನಿಮ್ಮ ಮಾಣಿ ಹುಟ್ಟಿದಾಗ ಮನೆಯ ಗಡಿಯಾರ ಸರಿಯಾಗಿತ್ತ? ಆಗೆಲ್ಲ ಒಂದೊಂದು ಮನೇಲಿ ಒಂದೊಂದು ಟೈಮು," ಎಂದು ಕೇಳಿದರು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿದರು. ಗಡಿಯಾರ ಹಿಂದೆ ಬೀಳುತ್ತಿದ್ದುದು ಅವರಿಗೆ ಚೆನ್ನಾಗಿ ನೆನಪಾಯಿತು. ಸಮಯ ಸರಿಪಡಿಸಿ ಮತ್ತೊಮ್ಮೆ ಹಾಕಿಸುತ್ತೇನೆಂದು ಸಂತೋಷದಿಂದ ಊಟಕ್ಕೆ ಕುಳಿತರು. ಭಾವನವರು ನನ್ನತ್ತ ಒಮ್ಮೆ ನೋಡಿ ತಾವೂ ಊಟಕ್ಕೆ ಕುಳಿತರು. ಬೈದಿದ್ದರೆ ವಾಸಿಯಿತ್ತು.

ಸಂಜೆ ಚಹಾ ಆಯಿತು. ನಮ್ಮ ಮನೆ ಶಿರಸಿ ರಸ್ತೆಯ ಮೇಲೆಯೇ ಇರುವುದರಿಂದ ಗೇಟಿನ ಮುಂದೆ ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ. ನಾವೆಲ್ಲ ಗೇಟಿಗೆ ಬಂದೆವು. ನಮ್ಮವರು ಚೀಲ ಹಿಡಿದು ನಿಂತರು. ಭಾವನವರು ಅಗುಳಿಯ ಮೇಲೆ ಕೈಯಿಟ್ಟರು. ನಾನು ಗಂಟಲು ಸರಿಪಡಿಸಿಕೊಂಡೆ.

"ಮತ್ತೆಂತ ಇಲ್ಲೆ ತಂಗಿ, ಈ ಕೂಸಿನ ವಿಷಯ ಕೇಳವು ಹೇಳಿ ಬಂದಿದ್ದಿ. ಇನ್ನು ಕೇಳದೆಂತಕ್ಕೆ, ಎಲ್ಲ ಕಂಡತ್ತಲೆ," ಎಂದರು. ಸಂಧ್ಯಾಳ ಮುಖ ಅರಳಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅವರು ಅಗುಳಿ ತೆಗೆಯುತ್ತ, ನಮ್ಮವರ ಕಡೆ ತಿರುಗಿ, ಪಾಪ ಎನ್ನುವ ದನಿಯಲ್ಲಿ, "ಮೇಷ್ಟ್ರಿಗೆ ತಿಳುವಳಿಕೆ ಸಾಲ್ದು. ಬಂಗಾರದಂಥ ಸೈಟು, ಮಗಳಿಗೆ ಇಸ್ತ್ರಿಪೆಟ್ಟಿಗೆ ರಿಪೇರಿ ಕಲಿಸಲೆ ಹೋಗಿ ಹಾಳು ಮಾಡ್ಕಂಡ," ಎಂದರು.

ನನಗೆ ಏನಾಯಿತೋ ತಿಳಿಯದು. ನನ್ನ ಡಿಗ್ರಿಯನ್ನು ಬೈಯುವ ಹಕ್ಕು ನನ್ನದು, ಅದಕ್ಕಾಗಿ ನಾಲ್ಕು ವರ್ಷ ಚಳಿಯಲ್ಲಿ ನಡುಗಿದವಳು ನಾನು. ಪಂಪು ಮಾರುವವರು ಬೈಯುವುದೆಂದರೇನು? ಅದಕ್ಕಿಂತ ಹೆಚ್ಚಾಗಿ, ಅಪ್ಪನನ್ನು ತಿಳುವಳಿಕೆಯಿಲ್ಲದವರು ಎಂದದ್ದು ನನ್ನ ಎದೆಗೇ ತಾಗಿತು. ಹೆಣ್ಣು ಮಗಳಿಗಾಗಿ ಸೈಟು ಮಾರಿದ ಮನುಷ್ಯ, ಒಂದು ದಿನವೂ ಲೆಕ್ಕ ಕೇಳದ ಮನುಷ್ಯ. "ಹಾಳು ಆಯ್ದಿಲ್ಲೆ ಭಾವ," ಎಂದೆ. ದನಿ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ಇನ್ನೊಂದು ಸೈಟಿದ್ದಿದ್ರೆ ಅಪ್ಪ ಅದನ್ನೂ ಮಾರ್ತಿದ್ದ. ಆನು ಓದಿದ್ದು ನಿಂಗಳಿಗೆ ಉಪಯೋಗ ಆಗ್ಲಿ ಹೇಳಿ ಅಲ್ಲ." ಆಮೇಲೆ ಬಾಯಿ ನಿಲ್ಲಲಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ದಿನಗಟ್ಟಲೆ ಓಡದಿದ್ದ ಒಂದು ಪ್ರೋಗ್ರಾಮು ಒಂದು ಮಧ್ಯಾಹ್ನ ತಟ್ಟನೆ ಓಡಿದ್ದು, ನಮ್ಮ ಕ್ಲಾಸಿನವರ ಹೆಸರೆಲ್ಲ ಅಕ್ಷರದ ಸಾಲಿನಲ್ಲಿ ಒಂದರ ಕೆಳಗೊಂದು ಬಂದು ನಿಂತದ್ದು, ನಾನು ಊಟ ಮರೆತು ಕಾಲೇಜಿನ ಸುತ್ತ ಸುಮ್ಮನೆ ನಡೆದದ್ದು, ಎಲ್ಲ ಹೇಳಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದೂ ಹೇಳಿದೆ. ನಮ್ಮವರು ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿದರು.

ಭಾವನವರು ಅಗುಳಿಯನ್ನು ಮತ್ತೆ ಹಾಕಿದರು. ಅವರ ಮುಖದಲ್ಲಿ ಗೋದಾಮಿನ ಗಿರಾಕಿ ಮತ್ತೆ ಮೂಡುವುದು ನನಗೆ ಕಂಡಿತು. "ಹಂಗಾರೆ ಅಡ್ಡಿಲ್ಲೆ. ಇಷ್ಟು ಒಳ್ಳೇದು ಹೇಳಾದ್ರೆ ಕಂಪ್ಯೂಟರೇ ಆಗ್ಲಿ," ಎಂದರು. ಆಗಲೇ ನಾನು ಸಂಧ್ಯಾಳ ಮುಖ ನೋಡಿದ್ದು. ಅಳು ಇನ್ನೇನು ಬರುವಂತಿತ್ತು. ಆದರೆ ಹುಡುಗಿ ಅಳಲಿಲ್ಲ. ತಿರುವಿನಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು, ಅವಳಿಗೆ ಹೊತ್ತಿರಲಿಲ್ಲ.

"ಅಪ್ಪ, ಅತ್ತೆ ಮೊನ್ನೆ ಫೋನಲ್ಲಿ ಹೇಳಿದ್ದೇ ಬೇರೆ," ಎಂದು ಶುರುಮಾಡಿದಳು. ನಾಲ್ಕು ಎಮ್ಮೆ ಹೇಳಿದಳು. ಡೇರಿ ಹೇಳಿದಳು. ಫ್ರೇಮಿನ ಹಿಂದಿನ ಕರೆಂಟು ಬಿಲ್ಲು ಹೇಳಿದಳು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ನಿದ್ದೆ ಮಾಡಿದ್ದರೆ ಆರೋಗ್ಯವಾದರೂ ಉಳಿಯುತ್ತಿತ್ತು ಎಂಬುದನ್ನು ಈ ಕಡೆಯ ಕಿಟಕಿಯವರೆಲ್ಲ ಕೇಳಿಸಿಕೊಂಡರು. ನನ್ನ ಮಾತುಗಳು ಇಷ್ಟು ಚೆನ್ನಾಗಿರುತ್ತವೆಂದು ನನಗೇ ಗೊತ್ತಿರಲಿಲ್ಲ. ಭಾವನವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. "ಇದು ಹೌದ, ಅದು ಹೌದ ತಂಗಿ?" ಎಂದು ಕೇಳಿದರು.

"ಎರಡೂ ಹೌದು ಭಾವ," ಎಂದೆ.

ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಹತ್ತೋರು ಹತ್ತಿ ಅಕ್ಕಾ, ಪಂಚಾಯ್ತಿಕೆ ಆಮೇಲೆ ಮಾಡುವಾ," ಎಂದ. ಅಪ್ಪ ಮಗಳು ಹತ್ತಿದರು. ನಮ್ಮವರು ಚೀಲ ಕೊಡುವುದನ್ನು ಮರೆತು, ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿ ಕಿಟಕಿಯಲ್ಲಿ ತೂರಿಸಿ ಬಂದರು. ಒಳಗೆ ಬರುವಾಗ, "ಮದುವೆ ದಿನ ಊಟ ಚೆನ್ನಾಗೇ ಇತ್ತಲ್ಲ," ಎಂದಷ್ಟೇ ಹೇಳಿದರು. ನಾನು ಆ ವಾರವಿಡೀ ಫೋನು ಗಣಗಣಿಸಿದರೆ ಬೆಚ್ಚುತ್ತಿದ್ದೆ. ಹುಡುಗಿಯ ಬದುಕನ್ನು ನನ್ನ ಸಿಟ್ಟಿಗೆ ಬಲಿಕೊಟ್ಟೆನೇ ಎಂದು ನಿಜಕ್ಕೂ ಸಂಕಟವಾಗುತ್ತಿತ್ತು. ಇಸ್ತ್ರಿಪೆಟ್ಟಿಗೆ ತಂದವರನ್ನು ಗೇಟಿನಿಂದಲೇ ವಾಪಸು ಕಳಿಸಿದೆ.

ಕೌನ್ಸೆಲಿಂಗಿನ ಮರುದಿನ ಭಾವನವರೇ ಫೋನು ಮಾಡಿದರು. ಆಸರಿಗೆಯ ವಿಚಾರಣೆ, ಅಡಿಕೆ ದರ ಎಲ್ಲವೂ ಫೋನಿನಲ್ಲೇ ಆದವು. ಇನ್ನೇನು ಇಡುತ್ತೇನೆ ಎನ್ನುವಾಗ, "ಮತ್ತೆಂತ ಇಲ್ಲೆ, ಕೂಸಿಗೆ ದನದ ಡಾಕ್ಟ್ರೇ ಮಾಡಿದ್ಯ," ಎಂದರು. ಅವರೇ ಮುಂದುವರಿಸಿದರು. "ಒಂದು ಪಂಪು ತಗಂಡವ ಬರೇ ಹೊಗಳಿದ್ರೆ ಆ ಮಾಲು ತರಿಸ್ತೆ. ಬರೇ ಬೈದ್ರೆ ಬಿಡ್ತೆ. ಒಂದೇ ಉಸಿರಲ್ಲಿ ಎರಡೂ ಹೇಳಿದ ಹೇಳಾದ್ರೆ, ಅದು ಅವಂಗೆ ಮಾತ್ರ ನಡೆಸಲೆ ಬಪ್ಪ ಪಂಪು. ಅದನ್ನ ಮತ್ತೊಬ್ಬರಿಗೆ ಮಾರಲೆ ಆಗ್ತಿಲ್ಲೆ." ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನಾನು ಕೇಳಲಿಲ್ಲ. ಗೋದಾಮು ಉಳಿಯಿತು. ನನ್ನ ಡಿಗ್ರಿಯಿಂದ ಒಬ್ಬರಿಗಾದರೂ ಕಣ್ಣಿಗೆ ಕಾಣುವ ಲಾಭವಾದದ್ದು ಅದೇ ಮೊದಲು ಎಂದು ನಮ್ಮವರು ಲೆಕ್ಕ ಹಾಕಿದರು.

ಸಂಧ್ಯಾ ಈಗ ಮೂರನೇ ವರ್ಷದಲ್ಲಿದ್ದಾಳೆ. ಕರುವಿನ ಕಾಲು, ಎತ್ತಿನ ಹಲ್ಲು ಎಂದೆಲ್ಲ ಮಾವನ ಜೊತೆಗೇ ಅವಳ ಮಾತು. ಮೊನ್ನೆ ಮಾತ್ರ ಫೋನು ಮಾಡಿ, "ಮಾವ ಬೇಡ, ನೀನೇ ಬೇಕು ಅತ್ತೆ," ಎಂದಳು. ದನದ ಡಾಕ್ಟರಿಗೂ ಕಂಪ್ಯೂಟರಿನದೊಂದು ಪೇಪರು ಇದೆಯಂತೆ. ನಾಳೆ ಪರೀಕ್ಷೆ. ಕಂಪೈಲರಿಗೂ ಇಂಟರ್‌ಪ್ರಿಟರಿಗೂ ಏನು ವ್ಯತ್ಯಾಸ ಎಂದು ಕೇಳಿದಳು.

ಓದುಗರೇ, ನನ್ನ ಕಣ್ಣು ತುಂಬಿ ಬಂತು. ನಾನು ಡಿಗ್ರಿ ಮುಗಿಸಿದಂದಿನಿಂದ, ನಾನು ಓದಿದ್ದನ್ನು ನನ್ನ ಹತ್ತಿರ ಕೇಳಿದ ಮೊದಲ ವ್ಯಕ್ತಿ ಅವಳು. ಮಿಕ್ಸಿ ಅಲ್ಲ, ಜಾತಕ ಅಲ್ಲ, ನನ್ನ ಸಿಲೆಬಸ್ಸಿನ ಪ್ರಶ್ನೆ. ನಾನು ಕುರ್ಚಿ ಎಳೆದುಕೊಂಡು ನೆಟ್ಟಗೆ ಕುಳಿತೆ. "ನೋಡು ಕೂಸೆ, ಇವೆರಡರಲ್ಲಿ ಒಂದು ಇಡೀ ಪ್ರೋಗ್ರಾಮನ್ನು ಒಟ್ಟಿಗೇ ತಗತ್ತು. ಇನ್ನೊಂದು ಒಂದೊಂದೇ ಸಾಲು ತಗತ್ತು," ಎಂದು ಗಂಭೀರವಾಗಿ ಹೇಳಿದೆ.

"ಸರಿ ಅತ್ತೆ. ಒಟ್ಟಿಗೇ ತಗಂಬದು ಯಾವ್ದು?" ಎಂದಳು.

ನಾನು ಕುರ್ಚಿಯಿಂದ ಎದ್ದು ಅಟ್ಟದ ಕಡೆ ನೋಡಿದೆ. ಆ ಕಡೆಯಿಂದ "ಅತ್ತೆ, ಇದ್ಯಾ? ಕೇಳ್ತ?" ಎನ್ನುತ್ತಿದ್ದಳು. "ಲೈನು ಸರಿ ಇಲ್ಲೆ ಕೂಸೆ, ಹತ್ತು ನಿಮಿಷ ಬಿಟ್ಟು ಮಾಡು," ಎಂದು ಫೋನಿಟ್ಟು, ಹಳೆಯ ಪುಸ್ತಕ ಹುಡುಕಲು ಅಟ್ಟಕ್ಕೆ ಏಣಿ ಹಾಕಿದೆ.